ಎಳೆ

ಉಪ್ಪಳದ ರೈಲ್ವೆ ಗೇಟಿನ ಈಚೆ
ಮೊಬೈಲ್ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ
ನನ್ನ ಎರಡು ಕುರ್ಚಿ, ಒಂದೂವರೆ ಕನ್ನಡಿ.
ಅರ್ಧದ್ದು ಮೂಲೆ ಒಡೆದದ್ದು,
ಗಿರಾಕಿಗೆ ಅದರಲ್ಲಿ ಹಿಂದಲೆ ತೋರಿಸುತ್ತೇನೆ.

ತಲೆಗೆ ಶಾಲು ಸುತ್ತಿಕೊಂಡು ಬಂದಿದ್ದಳು.
ಹೆಸರು ದೀಕ್ಷಿತಾ. ಮದುವೆಯಾಗಿ ಒಂಬತ್ತನೆಯ ವಾರ.
ಆ ದಿನ ಜಡೆ ಸೊಂಟ ಮುಟ್ಟಬೇಕೆಂದು
ಮಂಗಳೂರಿನಲ್ಲಿ ಅಂಟಿಸಿದ್ದು ಇಪ್ಪತ್ತು ಜೋಡಿ ಪಟ್ಟಿ.
"ಒಂದನ್ನು ನಾನೇ ಎಳೆದೆ, ಅಕ್ಕಾ."
ಕಿವಿಯ ಹಿಂದೆ ತೊಗರಿಬೇಳೆಯಷ್ಟು ಬೋಳು,
ನಸುಗೆಂಪು.

ಬೈಯಲಿಲ್ಲ. ಬೈಯುವ ಕೆಲಸ ಮನೆಯಲ್ಲೇ ಮುಗಿದಿರುತ್ತದೆ.

ಜಸಿಂತಾ, ಬಾ ಇಲ್ಲಿ, ನೋಡಿ ಕಲಿ.
ಕೂದಲು ಒಣಗಿರಬೇಕು ಮೊದಲು.
ಮೇಲಿನದನ್ನು ಎತ್ತಿ ಕ್ಲಿಪ್ಪು ಹಾಕು, ಕುತ್ತಿಗೆಯಿಂದ ಶುರು.
ಅಡಿಗೊಂದು ಪಟ್ಟಿ, ಮೇಲೊಂದು, ನಡುವೆ ಇವಳ ಸ್ವಂತದ್ದು,
ಪತ್ರೊಡೆಯೊಳಗಿನ ಕೆಸುವಿನೆಲೆಯ ಹಾಗೆ.
ಮದ್ದನ್ನು ಅಂಟಿನ ಅಂಚಿಗೆ ಬಿಡು.
ಮದ್ದು ಮುಗಿದಿದ್ದರೆ ತೆಂಗಿನೆಣ್ಣೆಯೂ ಆದೀತು,
ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ.
ಬಿಟ್ಟ ಮೇಲೆ ಕಾಯಿ.
ಎಷ್ಟು ಹೊತ್ತು, ಅಕ್ಕ?
ಗೇಟು ಬಿದ್ದು ಏಳುವಷ್ಟು.

ಗೇಟು ಬಿತ್ತು. ಆಟೋಗಳು, ಮೀನಿನ ಟೆಂಪೊ, ಶಾಲೆಯ ವ್ಯಾನು.
ಒಂದು ರೈಲು ಹೋಯಿತು. ಗೇಟು ಏಳಲಿಲ್ಲ.
ಇನ್ನೊಂದು ಬರುವುದಿದೆ ಎಂದು ಎಲ್ಲರಿಗೂ ಗೊತ್ತು,
ಆದರೂ ಹಾರ್ನು.

ಇದು ಯಾರದ್ದಿರಬಹುದು, ಅಕ್ಕ?
ಯಾರೋ ಹರಕೆಗೆ ಕೊಟ್ಟದ್ದು, ಯಾರೋ ಗುಡಿಸಿದ್ದು,
ತೊಳೆದು ಬಣ್ಣ ಹಾಕಿ ಪ್ಯಾಕೆಟ್ಟಿನಲ್ಲಿ ಬಂದದ್ದು.
ಅಜ್ಜಿಗೆ ಮುಡಿ ಅಂದರೆ ಅಕ್ಕಿ, ಬೈಹುಲ್ಲಿನಲ್ಲಿ ಬಿಗಿದದ್ದು;
ಕೆಳಗಿನ ಅಂಗಡಿಯ ರಜೀಷನಿಗೆ ಮುಡಿ ಅಂದರೆ ಕೂದಲು;
ಜಸಿಂತಾ ಕೇಸು ಅಂತಾಳೆ, ನನಗೆ ಪೊಲೀಸ್ ಸ್ಟೇಷನ್ ನೆನಪಾಗುತ್ತದೆ.
ದೀಕ್ಷಿತಾಳ ಅತ್ತೆಗೆ ಅದು ಕುಜಲು.
ನಿನ್ನದೇ ಏನು ಇಷ್ಟೂ, ಎಂದು ಅವರು ಕೇಳಿದ್ದು
ಮದುವೆಯ ನಾಲ್ಕನೆಯ ದಿನ, ಹಿತ್ತಿಲ ಬಾಗಿಲಲ್ಲಿ.
"ಏನು ಹೇಳಿದಿ?"
"ಹೌದು ಅಂದೆ."

ಅಂದಿನಿಂದ ಚಿಲಕ ಹಾಕಿಕೊಂಡು ತಲೆ ಬಾಚಿದ್ದಾಳೆ.

ಗೇಟು ಎದ್ದಿತು.
ಉಗುರಿನಿಂದಲ್ಲ, ಜಸಿಂತಾ, ಬೆರಳ ತುದಿಯಿಂದ.
ಒಂದು ಕೈ ಬುಡದ ಹತ್ತಿರ ಒತ್ತಿ ಹಿಡಿದಿರಲಿ,
ಇನ್ನೊಂದು ಬಾಳೆಯ ನಾರು ಬಿಡಿಸಿದ ಹಾಗೆ ಮೆಲ್ಲ ಮೆಲ್ಲ.
ತಡೆಯಿತೋ, ನಿಲ್ಲು. ಇನ್ನೆರಡು ಹನಿ.
ಎಳೆ ಅಂದರೆ ಕನ್ನಡದಲ್ಲಿ ಎರಡೂ ಆಗುತ್ತದೆ,
ನಾನು ಎಳೆ ಎಂದರೆ ತೋರಿಸುತ್ತಿದ್ದೇನೆ ಅಂತ ತಿಳಿ, ಮಾರಾಯ್ತಿ,
ಜಗ್ಗಲು ಹೇಳಿದ್ದಲ್ಲ.

ಹನ್ನೊಂದನೆಯ ಜೋಡಿ ಬಿಡಿಸಿದಾಗ
ಬಟ್ಟಲಿನ ಕಪ್ಪು ರಾಶಿ ಕಂಡು ಅತ್ತಳು.
ನನ್ನದೇ ಅಲ್ವಾ? ತುದಿಯಲ್ಲಿ ಬಿಳಿ ಚುಕ್ಕಿ ಕಾಣುತ್ತದೆ.

ನಿನ್ನದೇ. ಇವತ್ತಿನದ್ದಲ್ಲ.
ದಿನಕ್ಕೆ ಐವತ್ತೋ ನೂರೋ ಎಲ್ಲರದ್ದೂ ಉದುರುತ್ತದೆ,
ಬಚ್ಚಲಿಗೆ, ದಿಂಬಿಗೆ, ಗಂಡನ ಅಂಗಿಗೆ.
ನಿನ್ನವೂ ಉದುರಿದ್ದವು,
ಬೀಳಲಿಕ್ಕೆ ಜಾಗ ಸಿಗಲಿಲ್ಲ.
ಅಂಟಿನೊಳಗೆ ಪಕ್ಕದವುಗಳ ಜೊತೆ ಸಾಲಾಗಿ ನಿಂತುಬಿಟ್ಟವು,
ಇಷ್ಟು ವಾರ.
ನಿನ್ನ ಧಾರೆಯ ದಿನ ಸತ್ತದ್ದೂ ಇದರಲ್ಲಿರಬಹುದು.

ಅವಳು ಒಂದನ್ನು ಹೆಕ್ಕಿ ಟ್ಯೂಬ್‌ಲೈಟಿಗೆ ಹಿಡಿದಳು.
ಅಳು ನಿಂತಿತೋ,
ರೈಲಿನ ಸದ್ದಿಗೆ ಕೇಳಿಸಲಿಲ್ಲವೋ.

ಉಳಿದ ಅಂಟಿಗೆ ಮತ್ತೆ ಮದ್ದು, ಸಣ್ಣ ಹಲ್ಲಿನ ಹಣಿಗೆ.
ಎರಡು ಸಲ ಶಾಂಪೂ. ಬೋಳಿನ ಜಾಗಕ್ಕೆ ಏನೂ ಹಚ್ಚಬೇಡ,
ಬರುತ್ತದೆ, ಅದಕ್ಕೆ ಅದರದ್ದೇ ಲೆಕ್ಕ.
ಕನ್ನಡಿಯಲ್ಲಿ ಕೂದಲು ಹೆಗಲಿಗೇ ಮುಗಿದಿತ್ತು.
ಹಗುರ, ಎಂದಳು. ಕೊಡ ಇಳಿಸಿದವರ ಹಾಗೆ
ಕುತ್ತಿಗೆಯನ್ನು ಆಚೆ ಈಚೆ ತಿರುಗಿಸಿದಳು.

ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ.
ಹೊಸ ಟೇಪು ಹಚ್ಚಿದರೆ ಇನ್ನೊಮ್ಮೆ ಬರುತ್ತದೆ, ದುಡ್ಡು ಕೊಟ್ಟದ್ದಲ್ವಾ.
ಬೇಡ, ಎಂದು ಇಳಿದವಳು
ಅರ್ಧ ಮೆಟ್ಟಿಲಿನಿಂದ ವಾಪಸು ಬಂದಳು.
"ಕೊಡಿ, ಅತ್ತೆಗೆ ತೋರಿಸಲಿಕ್ಕುಂಟು."

ಶಾಲು ಕುರ್ಚಿಯ ಮೇಲೆ ಉಳಿದಿತ್ತು.
ಜಸಿಂತಾ ಅದನ್ನು ಕಿಟಕಿಯಿಂದ ಬೀಸಿ ಬೀಸಿ ಕರೆದಳು.
ಗೇಟು ಬಿದ್ದಿತ್ತು,
ಅವಳು ಆಚೆ ದಾಟಿ ಆಗಿತ್ತು.